ಮಸಾಲೆದೋಸೆಗೆ ಗಾಯನದ ಲೈಸೆನ್ಸ್

೧೯೬೪ನೇ ಇಸವಿಯ ಜುಲೈ ಒಂದನೇ ತಾರೀಖಿನಿಂದ ಅಹಮದಾಬಾದ್ ನಗರದಲ್ಲಿ ಮಸಾಲೆದೋಸೆ ಬೇಕೆಂದು ಕೂಗುವುದು ಸಂಗೀತವೆಂದು ಪರಿಗಣಿಸಲ್ಪಟ್ಟಿತು. ಇದಕ್ಕೆ ಯಾರೂ ಆಕ್ಷೇಪಣೆ ಸಲ್ಲಿಸಲಿಲ್ಲ. ಆಕ್ಷೇಪಣೆಗೆ ಕೊನೆಯ ದಿನ ಜೂನ್ ಮೂವತ್ತಾಗಿತ್ತು.

ಕಾಲುಪುರ ಸ್ಟೇಷನ್ ಹತ್ತಿರದ ಲಕ್ಷ್ಮೀನಾರಾಯಣ ಭಟ್ಟರ ಉಡುಪಿ ಹೋಟೆಲಿನಲ್ಲಿ ಪಾಂಡುರಂಗ ಸಪ್ಲೈಯರ್. ಗಿರಾಕಿ ಹೇಳಿದ್ದನ್ನು ಬರೆದುಕೊಳ್ಳುವ ಪದ್ಧತಿ ಅವನಿಗಿರಲಿಲ್ಲ. ನಿಂತಲ್ಲಿಂದಲೇ ಅಡುಗೆಮನೆಗೆ ಕೂಗುತ್ತಿದ್ದ. "ಎರಡು ಮಸಾಲೇ" ಎಂದು ಕೊನೆಗೆ ಸ್ವರ ಇಳಿಸಿದರೆ ಬೇಕು ಎಂದರ್ಥ. ಅದನ್ನೇ ಏರಿಸಿದರೆ, ಇನ್ನೂ ಬಂದಿಲ್ಲವಲ್ಲ ಎಂದರ್ಥ. 'ಎರಡು' ಎಂಬಲ್ಲಿ ಒತ್ತಿದರೆ, ಮೂರು ಯಾಕೆ ಕಳಿಸಿದಿರಿ ಎಂಬ ದೂರು. ಎಲ್ಲವೂ ಒಂದೇ ಉಸಿರಿಗೆ ಉರುಳಿ ಬಿದ್ದರೆ, ಗಿರಾಕಿಗೆ ಸೂರತ್ ರೈಲು ಹಿಡಿಯಬೇಕಾಗಿದೆ ಎಂದರ್ಥ. ಇಷ್ಟನ್ನೂ ಒಳಗಿನ ರಾಮಚಂದ್ರ ಕಾವಲಿಯಿಂದ ಕಣ್ಣೆತ್ತದೆ ತಿಳಿದುಕೊಳ್ಳುತ್ತಿದ್ದ.

ಧ್ವನಿ ಮನರಂಜನಾ ನಿಯಂತ್ರಣ ಕಚೇರಿಯ ಅಧಿಕಾರಿ ಮನಸುಖಲಾಲರು ಅದೇ ಜುಲೈನ ಒಂದು ಸಂಜೆ ಚಹಾಕ್ಕೆಂದು ಬಂದರು. ಪಾಂಡುರಂಗನ ಕೂಗು ಕೇಳುತ್ತ ಕಣ್ಣು ಮುಚ್ಚಿದರು, ತಲೆದೂಗಿದರು. ಸಂತೋಷವಾದ ಕೂಡಲೇ ಅವರಿಗೆ ಅನುಮಾನ ಬಂತು. ಅಲ್ಲೇ ಕುಳಿತು ನೋಟಿಸು ಬರೆದರು:

"ಹೊಸ ನಿಯಮದ ಪ್ರಕಾರ ಸ್ವರದ ಏರಿಳಿತ, ಒತ್ತು ಮತ್ತು ಲಯ, ಈ ಮೂರೂ ಕೂಡಿರುವ ಧ್ವನಿಯು ಗಾಯನವಾಗಿರತಕ್ಕದ್ದು. ಲೈಸೆನ್ಸಿಲ್ಲದೆ ಗಾಯನ ನಡೆಯುವ ಸ್ಥಳಕ್ಕೆ ಹದಿನೈದು ದಿನಗಳಲ್ಲಿ ಬೀಗ ಹಾಕಲಾಗುವುದು. ಮಾತನಾಡಲು ಅಡ್ಡಿಯಿಲ್ಲ."

"ಭಟ್ರೆ, ನಂಗೆ ಹಾಡ್ಲಿಕ್ಕೇ ಬರುದಿಲ್ಲ. ಭಜನೆಯಲ್ಲಿ ಸಹ ತಾಳ ಮಾತ್ರ ತಟ್ಟುದು ನಾನು," ಎಂದ ಪಾಂಡುರಂಗ.

"ಹಾಡುದು ಬೇಡ ಮಾರಾಯ. ನಾಳೆಯಿಂದ ಚಪ್ಪಟೆಯಾಗಿ ಹೇಳು," ಎಂದರು ಭಟ್ಟರು.

ಮಾರನೇ ದಿನ ಪಾಂಡುರಂಗ ಪಂಚಾಂಗದ ತಿಥಿ ಓದುವವನಂತೆ "ಎರಡು ಮಸಾಲೆ" ಎಂದ. ರಾಮಚಂದ್ರ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದ.

"ಬೇಕಾ, ಬರ್ಲಿಲ್ವಾ, ಹೆಚ್ಚಾಯ್ತಾ? ಎಂತ ಹೇಳುದು ನೀನು?"

"ಬೇಕು."

"ಬೇಕು ಅಂತ ಹೇಳುದಾ, ಬೇಕಾ ಅಂತ ಕೇಳುದಾ?"

ಮಧ್ಯಾಹ್ನದ ಹೊತ್ತಿಗೆ ಕಾವಲಿಯ ಮೇಲೆ ಯಾರೂ ಕೇಳದ ದೋಸೆಗಳೂ, ಮೇಜುಗಳ ಮುಂದೆ ದೋಸೆಯಿಲ್ಲದ ಗಿರಾಕಿಗಳೂ ತುಂಬಿದರು. ಸೂರತ್ ರೈಲು ಯಾರಿಗೂ ಕಾಯಲಿಲ್ಲ. ನಾಲ್ಕನೆಯ ದಿನ ಭಟ್ಟರು, "ಹೀಗಾದ್ರೆ ನಿನ್ನನ್ನು ಊರಿಗೆ ಕಳಿಸ್ಬೇಕಾಗ್ತದೆ," ಎಂದು ನೆಲ ನೋಡುತ್ತ ಹೇಳಿದರು. ಪಾಂಡುರಂಗ ಹೆಂಡತಿ ನಾಗವೇಣಿಯನ್ನು ಊರಿನಿಂದ ಕರೆತಂದು ಬಾಡಿಗೆ ಕೋಣೆ ಹಿಡಿದು ಮೂರು ತಿಂಗಳಾಗಿತ್ತಷ್ಟೆ. ದಿನವೂ ಅಲ್ಲೇ ಊಟ ಮಾಡುವ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಶೋಧನಾಲಯದಲ್ಲಿ ಗುಮಾಸ್ತನಾದ ನಾನು ಬೇರೇನು ಮಾಡಬಲ್ಲೆ? ಮೂರು ಪ್ರತಿಗಳಲ್ಲಿ ಮೇಲ್ಮನವಿ ಬರೆದೆ.

ವಿಚಾರಣೆಗೆ ನಮ್ಮ ಸಂಶೋಧನಾಲಯದ ಧ್ವನಿ ವಿಭಾಗದ ವೆಂಕಟಾಚಲ, ದನಿಯ ಏರಿಳಿತವನ್ನು ಕಾಗದದ ಮೇಲೆ ಗೀಚುವ ಮುಳ್ಳಿನ ಯಂತ್ರವನ್ನು ರಿಕ್ಷಾದಲ್ಲಿ ಹೊತ್ತು ತಂದ. ಅದನ್ನು ಕಚೇರಿಯಲ್ಲಿ ಮನಸುಖಲಾಲರ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ್ದನಷ್ಟೆ, ಬಾಗಿಲಲ್ಲಿ ಜವಾನ ಎದುರಿಗೇ ಇದ್ದ ನಮ್ಮನ್ನು ಪದ್ಧತಿಯಂತೆ ಕರೆದ:

"ಲಕ್ಷ್ಮೀನಾರಾಯಣ್ ಭಟ್ ಹಾ...ಜಿರ್ ಹೋ...!"

ಮುಳ್ಳು ಕಾಗದ ದಾಟಿ ಮೇಜಿನ ಬಟ್ಟೆಯ ಮೇಲೆ ಗೀಚಿತು.

"ಏರಿಳಿತ ಇದೆ, ಒತ್ತಿದೆ, ಲಯಾನೂ ಇದೆ ಕಣ್ರೀ. ಪಾಂಡುರಂಗ ಇಷ್ಟೆತ್ತರಕ್ಕೆ ಹೋದವನೇ ಅಲ್ಲ," ಎಂದ ವೆಂಕಟಾಚಲ.

ಪಾಂಡುರಂಗ ನನ್ನ ಕಿವಿಯ ಬಳಿ ಬಗ್ಗಿದ. "ಹಾಗಾದ್ರೆ ಈ ಕಚೇರಿಗೆ ಲೈಸೆನ್ಸ್ ಉಂಟಾ?"

ನಾನು ಅದನ್ನು ಹಿಂದಿಯಲ್ಲಿ, ವಿನಯಪೂರ್ವಕವಾಗಿ, ಒಂದೇ ಸ್ವರದಲ್ಲಿ ಕೇಳಿದೆ. ಮನಸುಖಲಾಲರು ಪ್ರಾಮಾಣಿಕರು. ಬೀರು ತೆಗೆದು ಹುಡುಕಿದರು, ಇರಲಿಲ್ಲ. ಸ್ವಂತ ಕಚೇರಿಗೆ ನೋಟಿಸು ಬರೆದರು, ಮೇಜಿನ ಈಚೆಗೆ ಬಂದು ಅದನ್ನು ಪಡೆದು ಸಹಿ ಹಾಕಿದರು, ಅರ್ಜಿ ಬರೆದು ಆಚೆಗೆ ಹೋಗಿ ಸ್ವೀಕರಿಸಿದರು. ಅರ್ಜಿದಾರರು ಇಷ್ಟು ಅಲೆಯಬೇಕಾಗುತ್ತದೆಂದು ತಮಗೆ ತಿಳಿದೇ ಇರಲಿಲ್ಲ ಎಂದು ಬೆವರೊರೆಸಿಕೊಂಡರು. ಆ ಫೈಲನ್ನೂ ಹೋಟೆಲಿನ ಫೈಲನ್ನೂ ಜವಾನ ಒಂದೇ ಕೆಂಪು ದಾರದಲ್ಲಿ ಕಟ್ಟಿದ್ದರಿಂದ ಎರಡಕ್ಕೂ ಅದೇ ದಿನ ಲೈಸೆನ್ಸ್ ಮಂಜೂರಾಯಿತು. ಕಚೇರಿ ಒಂದನೇ ದರ್ಜೆಯ ಗಾಯನಶಾಲೆ, ಹೋಟೆಲು ಎರಡನೇ ದರ್ಜೆಯದು.

ಭಟ್ಟರು ಲೈಸೆನ್ಸಿಗೆ ಕಟ್ಟು ಹಾಕಿಸಿ ಕೃಷ್ಣನ ಪಟದ ಪಕ್ಕದಲ್ಲಿ ತೂಗುಹಾಕಿದರು. ಗಿರಾಕಿಗಳಿಗೆ ಈಗ ಬಾಗಿಲಲ್ಲೇ ಉಚಿತ ಟಿಕೆಟ್ ಸಿಗುತ್ತದೆ. ದೋಸೆ ಕಾಗದಪತ್ರಗಳಲ್ಲಿ ಮಧ್ಯಂತರದ ಉಪಾಹಾರ. ವಡೋದರಾ ಮತ್ತು ಸೂರತ್ತಿನ ಉಡುಪಿ ಹೋಟೆಲುಗಳೂ ಅರ್ಜಿ ಹಾಕಿವೆ. ವಡೋದರೆಯವರು ಒಂದನೇ ದರ್ಜೆಯೇ ಬೇಕೆಂದು ಹಟ ಹಿಡಿದಿದ್ದಾರಂತೆ.

ಲೈಸೆನ್ಸಿನ ಹಿಂಬದಿಯಲ್ಲಿ ಒಂದು ಷರತ್ತಿತ್ತು. ಗಾಯಕನು ಲೈಸೆನ್ಸಿಲ್ಲದ ಬೇರೆ ಯಾವುದೇ ಸ್ಥಳದಲ್ಲಿ, ಸ್ವಂತ ಮನೆಯೂ ಸೇರಿದಂತೆ, ಸ್ವರ ಏರಿಳಿಸಕೂಡದು. ಪಾಂಡುರಂಗ ನಿಯಮಕ್ಕೆ ಹೆದರುವವನು. ಮನೆಯಲ್ಲಿ ಚಪ್ಪಟೆಯಾಗಿಯೇ ಮಾತಾಡಿದ. ಎರಡು ವಾರ ತಾಳಿಕೊಂಡ ನಾಗವೇಣಿ ಒಂದು ಭಾನುವಾರ ಹೋಟೆಲಿಗೇ ಬಂದು, ಟಿಕೆಟ್ ತೆಗೆದುಕೊಂಡು ಮೂರನೇ ಮೇಜಿನಲ್ಲಿ ಕುಳಿತಳು.

"ಸಾರು ಚೆನ್ನಾಗಿದೆ ಅಂತೀರಿ. ಹೊಗಳುದಾ, ಬೈಯುದಾ, ಎಂತದೂ ಗೊತ್ತಾಗುದಿಲ್ಲ! ಈಗ ಹೇಳಿ, ಇಲ್ಲಿ ಲೈಸೆನ್ಸ್ ಉಂಟಲ್ಲ!"

ಪಾಂಡುರಂಗ ಹೇಳಿದ. ಅವಳೂ ಬಿಡಲಿಲ್ಲ. ಮುಕ್ಕಾಲು ಗಂಟೆ ಏರುದನಿಯಲ್ಲಿ, ಇಳಿದನಿಯಲ್ಲಿ, ಮೇಜು ಕುಟ್ಟಿ ಜಗಳವಾಡಿದರು. ಮುಂದಿನ ಸಾಲಿನಲ್ಲಿದ್ದ ಮನಸುಖಲಾಲರು "ವಾಹ್" ಎಂದರು. ಅಂದಿನಿಂದ ಬೀದಿಯ ಇತರ ದಂಪತಿಗಳೂ ಭಾನುವಾರ ಇಲ್ಲಿಗೇ ಬಂದು ಜಗಳವಾಡುತ್ತಾರೆ. ಭಟ್ಟರು ಅವರಿಗಾಗಿ ಎರಡು ಮೇಜು ಕಾದಿರಿಸಿದ್ದಾರೆ.

ಅಂದು ಕೊನೆಗೆ ನಾಗವೇಣಿ ಕಣ್ಣೊರೆಸಿಕೊಂಡು, "ಬೇಗ ಮನೆಗೆ ಬನ್ನಿ," ಎಂದಳು. ಪಾಂಡುರಂಗ ಅಡುಗೆಮನೆಯತ್ತ ತಿರುಗಿ, "ಒಂದು ಕಾಫೀ," ಎಂದು ಕೂಗಿದ. ಆ ಸ್ವರವನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ. ರಾಮಚಂದ್ರ ಏನೂ ಕೇಳದೆ ಎರಡು ಲೋಟ ಕಳಿಸಿದ. ನಾವು ಟಿಕೆಟನ್ನು ಜೇಬಿನಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದೆವು.