ಪೂರ್ಣಿಯ ಬೈಕಿನ ಬೇರಿಂಗಿಗೆ ನಾನು ಮಾಡಿದ ಸೇವೆ

ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಅವನು ‘ಇದು ಹೋಗಿದೆ’ ಅಂದರೆ ಹೋಗಿದೆ. ‘ಅದನ್ನೂ ಬಿಚ್ಚಬೇಕು’ ಅಂದರೆ ಬಿಚ್ಚಬೇಕು. ಹೋಗಿದ್ದು ಎಲ್ಲಿಗೆ, ಬಿಚ್ಚುವುದು ಯಾಕೆ ಎಂದು ಕೇಳುವ ಗಂಡಸೂ ಇಲ್ಲ, ಹೆಂಗಸೂ ಇಲ್ಲ! ನಾನು ಕೇಳುವವನು. ಸಾಗರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಹೊಸನಗರದ ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನಲ್ಲಿ ಸಾಲಾಗಿ ಕೂತಿವೆ. ವಿಷಯದ ಪರ ಮಾತಾಡು ಅಂದಾಗಲೂ ಗೆದ್ದಿದ್ದೇನೆ, ವಿರೋಧ ಮಾತಾಡು ಅಂದಾಗಲೂ ಗೆದ್ದಿದ್ದೇನೆ. ಇಷ್ಟು ಯೋಗ್ಯತೆ ಇರುವವನು ಒಂದು ಬೈಕು ಬಿಚ್ಚಲಾರನೇ?

ಬೈಕು ನನ್ನದಲ್ಲ. ತಂಗಿ ಪೂರ್ಣಿಯದು. ಪೂರ್ಣಿ ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಉಳಿದ ಹೊತ್ತೆಲ್ಲ ಕೆಸರು ಗದ್ದೆಯಲ್ಲಿ ಡರ್ಟ್ ಬೈಕು ಹಾರಿಸುತ್ತಾಳೆ. ಭಾನುವಾರ ತೀರ್ಥಹಳ್ಳಿ ಹತ್ತಿರದ ಗದ್ದೆಯೊಂದರಲ್ಲಿ ರೇಸು ಇತ್ತು. ಹೆಂಗಸರ ವಿಭಾಗದಲ್ಲಿ ಗೆದ್ದವಳಿಗೆ ಮುಂದಿನ ಸೀಸನ್ನಿಗೆ ತಮ್ಮ ಬೈಕನ್ನೇ ಕೊಟ್ಟು ರೇಸಿಗೆ ಇಳಿಸುತ್ತೇವೆಂದು ಶಿವಮೊಗ್ಗದ ಒಂದು ತಂಡದವರು ಹೇಳಿದ್ದರು. ಪೂರ್ಣಿಗೆ ಊಟ ನಿದ್ದೆ ಎಲ್ಲ ಅದೇ ಆಗಿತ್ತು. ಅಷ್ಟರಲ್ಲಿ ಬೈಕಿನ ಹಿಂಭಾಗ ಕುಯ್ಯೋ ಎನ್ನತೊಡಗಿತು.

“ಲಿಂಕೇಜ್ ಬೇರಿಂಗು ಒಣಗಿದೆ ಅಣ್ಣ. ಸಾಗರದ ಗ್ಯಾರೇಜಿಗೆ ಹಾಕ್ತೀನಿ, ಬಿಚ್ಚಿ ಗ್ರೀಸ್ ಮಾಡಿ ಕೊಡ್ತಾರೆ.”

“ಒಣಗಿದೆ ಅಂತ ಯಾರು ಹೇಳಿದ್ದು?”

“ಮೆಕ್ಯಾನಿಕ್ಕು.”

“ಗ್ರೀಸ್ ಮಾಡಿ ಕೊಡೋದು ಯಾರು?”

“ಅವನೇ.”

“ನೋಡು! ರೋಗ ಇದೆ ಅನ್ನೋನೂ ಅವನೇ, ಔಷಧಿ ಮಾರೋನೂ ಅವನೇ. ನಿಂಗೆ ಅನುಮಾನವೇ ಬರಲ್ವಾ?”

“ನಾನೂ ಮೆಡಿಕಲ್ ಶಾಪಲ್ಲೇ ಇರೋದು ಮಾರಾಯ” ಎಂದಳು ಪೂರ್ಣಿ. ಆದರೆ ನಾನು ಬಿಡಲಿಲ್ಲ. ರಾತ್ರಿ ಊಟದಲ್ಲಿ, ಬೆಳಗಿನ ಕಾಫಿಯಲ್ಲಿ, ಅವಳು ಹೆಲ್ಮೆಟ್ ಹಾಕಿಕೊಳ್ಳುವಾಗ ಅದರ ಕಿಂಡಿಯಲ್ಲಿ, ಎಲ್ಲ ಕಡೆ ವಾದ ಮಂಡಿಸಿದೆ. ಕೊನೆಗೆ ಶುಕ್ರವಾರ ಬೆಳಿಗ್ಗೆ ಬೈಕಿನ ಕೀಲಿ ನನ್ನ ಕೈಗೆ ಹಾಕಿದಳು. “ನೀನೇ ಮಾಡು. ನಿನ್ನ ಬಾಯಿಗಿಂತ ಆ ಕುಯ್ಯೋನೇ ವಾಸಿ.” ಎದುರಾಳಿ ಒಪ್ಪಿಕೊಂಡ ಮೇಲೆ ಒಪ್ಪಿಕೊಂಡ ರೀತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು.

ತಿಳಿಯದವರಿಗಾಗಿ ಹೇಳುತ್ತೇನೆ. ಹಿಂದಿನ ಚಕ್ರವನ್ನು ಹಿಡಿದ ಉದ್ದನೆಯ ತೋಳಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಒಂದು ಪುಟ್ಟ ಲೋಹದ ಕೀಲಿರುತ್ತದೆ. ಅದೇ ಲಿಂಕೇಜು. ಚಕ್ರಕ್ಕೆ ಬಿದ್ದ ಹೊಡೆತವನ್ನು ಶಾಕ್ ಅಬ್ಸಾರ್ಬರಿಗೆ ದಾಟಿಸುವುದು ಅದರ ಕೆಲಸ. ಅದರ ತೂತುಗಳೊಳಗೆ ಬೇರಿಂಗು, ಬೇರಿಂಗಿನೊಳಗೆ ಅಗರಬತ್ತಿ ಕಡ್ಡಿ ಮುರಿದು ಜೋಡಿಸಿದಂಥ ಸಣ್ಣ ಸಣ್ಣ ಉಕ್ಕಿನ ರೋಲರು. ಇಷ್ಟೂ ನನಗೆ ಮೊಬೈಲಿನಲ್ಲಿ ಒಂದು ವಿಡಿಯೊ ಹೇಳಿತು. ರೋಲರುಗಳು ಬಿಡಿಯಾಗಿರುತ್ತವೆ, ಬಟ್ಟೆ ಹಾಸಿಕೊಂಡು ಬಿಚ್ಚಿ ಎಂದೂ ಹೇಳಿತಂತೆ. ಅಷ್ಟು ಹೊತ್ತಿಗೆ ನಾನು ವಿಡಿಯೊವನ್ನು ಮುಂದಕ್ಕೆ ಓಡಿಸಿದ್ದೆ.

ಬೋಲ್ಟು ಎಳೆದೆ. ಬರಲಿಲ್ಲ. ಸುತ್ತಿಗೆಯಿಂದ ಮನವೊಲಿಸಿದೆ. ಬಂತು. ಅದರ ಹಿಂದೆಯೇ ರೋಲರುಗಳೂ ಶಾಲೆ ಬಿಟ್ಟ ಮಕ್ಕಳ ಹಾಗೆ ಅಂಗಳದ ತುಂಬ ಓಡಿದವು. ನಾನು ಒಂದು ಕಡೆಯಿಂದ ಹೆಕ್ಕುತ್ತಾ ಬಂದೆ. ಅಮ್ಮನ ಕೋಳಿಗಳು ಇನ್ನೊಂದು ಕಡೆಯಿಂದ ಹೆಕ್ಕುತ್ತಾ ಬಂದವು!

“ಏಯ್, ನನ್ನ ಹ್ಯಾಟೆಗೆ ಎಂಥದೋ ತಿನ್ನಿಸ್ತಿದ್ದೀಯ?” ಅಮ್ಮ ಬಾಗಿಲಿನಿಂದ ಕೂಗಿದಳು.

“ತಿನ್ನಿಸ್ತಿಲ್ಲ ಅಮ್ಮ. ಅದಾಗೇ ತಿಂತಿದೆ. ಎರಡಕ್ಕೂ ವ್ಯತ್ಯಾಸ ಇದೆ.”

“ನನ್ನ ಹ್ಯಾಟೆಗೆ ಏನಾದ್ರೂ ಆಗ್ಲಿ, ಆ ವ್ಯತ್ಯಾಸ ಎಂಥದು ಅಂತ ನಿಂಗೆ ತೋರಿಸ್ತೀನಿ!”

ಹ್ಯಾಟೆ ಕೋಳಿಗೆ ಏನೂ ಆಗಲಿಲ್ಲ. ಒಂದು ರೋಲರು ಮಾತ್ರ ಅದರ ಹೊಟ್ಟೆ ಸೇರಿತು. ಸಭೆಗೆ ಎಲ್ಲ ಸದಸ್ಯರೂ ಬರಲೇಬೇಕೆಂದು ಎಲ್ಲಿದೆ? ಕೋರಂ ಇದ್ದರಾಯಿತು ಎಂದುಕೊಂಡೆ.

ಇನ್ನು ತೊಳೆಯಬೇಕಿತ್ತು. ಹಳೆ ಗ್ರೀಸು ಬಿಡಿಸಲು ಸೀಮೆಎಣ್ಣೆ ಶ್ರೇಷ್ಠ. ಹಿಂದೆ ರೇಷನ್ ಅಂಗಡಿಯಲ್ಲಿ ಕೊಡುತ್ತಿದ್ದ ನೀಲಿ ಸೀಮೆಎಣ್ಣೆ ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ಉಳಿದಿತ್ತು. ಹೋಗಿ ನೋಡಿದೆ. ಹಳೆಯ ಪ್ಲಾಸ್ಟಿಕ್ ಕ್ಯಾನು ಅಲ್ಲೇ ಇತ್ತು. ಒಳಗಿದ್ದದ್ದು ನೀಲಿ. ಕ್ಯಾನನ್ನು ಮೂಸಿದೆ. ಸೀಮೆಎಣ್ಣೆಯದೇ ವಾಸನೆ. ಎರಡು ಸ್ವತಂತ್ರ ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ಯಾವ ನ್ಯಾಯಾಧೀಶನೂ ಮೂರನೆಯ ಸಾಕ್ಷಿ ಕೇಳುವುದಿಲ್ಲ! ಬಕೆಟ್ಟಿಗೆ ಸುರಿದು, ಲಿಂಕೇಜು, ಪಿನ್ನು, ರೋಲರು ಎಲ್ಲವನ್ನೂ ಮುಳುಗಿಸಿ ಊಟಕ್ಕೆ ಹೋದೆ. ಊಟವಾದ ಮೇಲೆ ಸ್ವಲ್ಪ ಒರಗಿದೆ. ತರ್ಕ ಮಾಡುವವನಿಗೂ ನಿದ್ದೆ ಬರುತ್ತದೆ.

ಎದ್ದು ಬಂದು ನೋಡಿದರೆ ಗ್ರೀಸು ಹೋಗಿರಲಿಲ್ಲ. ಗ್ರೀಸು ಇಲ್ಲದ ಕಡೆಯೆಲ್ಲ ಉಕ್ಕು ತಾಮ್ರದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಬೇರೆ ಯಾರಾದರೂ ಗಾಬರಿಯಾಗುತ್ತಿದ್ದರು. ನಾನು ಸಂತೋಷಪಟ್ಟೆ. ಕಂಪನಿಯವರು ಒಳಗೆ ತಾಮ್ರದ ಲೇಪ ಕೊಟ್ಟಿದ್ದಾರೆ, ಇಷ್ಟು ದಿನ ಯಾವ ಮೆಕ್ಯಾನಿಕ್ಕೂ ಅದು ಕಾಣುವಷ್ಟು ಚೆನ್ನಾಗಿ ತೊಳೆದಿರಲಿಲ್ಲ ಎಂದು ತೀರ್ಮಾನಿಸಿದೆ. ಉಳಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ಹೊಸ ಗ್ರೀಸನ್ನು ಹೋಳಿಗೆಗೆ ತುಪ್ಪ ಬಡಿಸಿದ ಹಾಗೆ ಮೆತ್ತಿ, ರೋಲರುಗಳನ್ನು ಜೋಡಿಸತೊಡಗಿದೆ.

ಅಮ್ಮ ಬಗ್ಗಿ ನೋಡಿದಳು. “ಇದೆಂಥದೋ ಕೆಂಪಗೆ? ಔಷಧಿಗೆ ಅದ್ದಿದ ಕತ್ತಿ ಹಂಗೆ?”

“ಅಮ್ಮ, ಎರಡು ವಸ್ತು ನೋಡೋಕೆ ಒಂದೇ ಥರ ಇದ್ದ ಮಾತ್ರಕ್ಕೆ ಕಾರಣವೂ ಒಂದೇ ಅಂತ ಹೇಳೋದು ತರ್ಕದೋಷ.”

“ಆಯ್ತು ಮಾರಾಯ, ನಿಂಗೆ ಹೇಳೋಕೆ ಬಂದಿದ್ದು ನನ್ನದೇ ದೋಷ” ಎಂದು ಅಮ್ಮ ಒಳಗೆ ಹೋದಳು.

ಸಂಜೆ ಪೂರ್ಣಿ ಬಂದಳು. ಸೀಟಿನ ಮೇಲೆ ಕೂತು ಮೇಲೆ ಕೆಳಗೆ ಕುಣಿದಳು. ಸದ್ದಿಲ್ಲ! ಮತ್ತೆ ಕುಣಿದಳು. ಕುಯ್ ಎನ್ನಲಿಲ್ಲ!

“ಅಣ್ಣ, ನಿಜವಾಗ್ಲೂ ಸರಿ ಮಾಡಿಬಿಟ್ಟಿದ್ಯಲ್ಲೋ! ನಾನು ಸುಮ್ನೆ ನಿನ್ನ ಬೈದೆ.”

ಹುಟ್ಟಿದಾಗಿನಿಂದ ಪೂರ್ಣಿ ನನ್ನೆದುರು ಯಾವ ವಾದವನ್ನೂ ಸೋತು ಒಪ್ಪಿಕೊಂಡವಳಲ್ಲ. ಆ ಒಂದು ವಾಕ್ಯವನ್ನು ಕಪ್ಪುಗಳ ಪಕ್ಕದಲ್ಲಿ ಇಡಬಹುದಾಗಿದ್ದರೆ ಇಡುತ್ತಿದ್ದೆ. ಅಷ್ಟರಲ್ಲಿ ಕೊಟ್ಟಿಗೆ ಕಡೆಯಿಂದ ಅಪ್ಪಯ್ಯನ ದನಿ ಬಂತು.

“ಇಲ್ಲಿದ್ದ ಕ್ಯಾನು ಯಾರು ತೆಗೆದ್ರು? ನಾಳೆ ಔಷಧಿ ಹೊಡೆಯೋಕೆ ಅಂತ ಮೈಲುತುತ್ತ ಕರಗಿಸಿಟ್ಟಿದ್ದೆ!”

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಅಡಿಕೆಗೆ ಹೊಡೆಯುವ ಔಷಧಿಯೆಂದರೆ ಮೈಲುತುತ್ತದ ನೀಲಿ ನೀರು ಮತ್ತು ಸುಣ್ಣದ ತಿಳಿ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಅದಕ್ಕೆ ಒಂದು ಕತ್ತಿ ಅದ್ದುತ್ತಾರೆ. ಕತ್ತಿ ಕೆಂಪಗಾದರೆ ಸುಣ್ಣ ಸಾಲದು, ತುತ್ತ ಇನ್ನೂ ಕಬ್ಬಿಣ ತಿನ್ನುತ್ತಿದೆ ಎಂದರ್ಥ. ಮಲೆನಾಡಿನಲ್ಲಿ ಇದು ಅಂಗನವಾಡಿ ಮಕ್ಕಳಿಗೂ ಗೊತ್ತು. ನಮ್ಮ ಮನೆಯಲ್ಲಿ ಪ್ರತಿ ವರ್ಷ ಆ ಕತ್ತಿ ಅದ್ದುವವನು ಯಾರು? ನಾನೇ!

ಸುಣ್ಣವೇ ಇಲ್ಲದ ತುತ್ತದ ನೀರಿನಲ್ಲಿ ತಂಗಿಯ ಬೇರಿಂಗನ್ನು ಇಡೀ ಮಧ್ಯಾಹ್ನ ನೆನೆಸಿದ್ದೆ. ನೀಲಿ ಎಂದದ್ದು ಸರಿ. ವಾಸನೆ ಹಳೆ ಕ್ಯಾನಿನದು.

“ಚೆಲ್ಲಿಹೋಯ್ತು ಅಪ್ಪಯ್ಯ. ನನ್ನ ಕಾಲು ತಾಗಿ” ಎಂದೆ. ಪೂರ್ಣಿ ಇನ್ನೂ ಸೀಟಿನ ಮೇಲೆ ಕುಣಿಯುತ್ತಿದ್ದಳು. ಆಗಲೇ ಹೇಳಬಹುದಿತ್ತು. ಶನಿವಾರ ಇಡೀ ದಿನ ಇತ್ತು, ಸಾಗರದ ಗ್ಯಾರೇಜೂ ತೆರೆದಿತ್ತು. ಆದರೆ ನಾನು ನನ್ನೊಳಗೇ ಒಂದು ಚರ್ಚಾ ಸ್ಪರ್ಧೆ ಏರ್ಪಡಿಸಿದೆ. ವಿಷಯ: ಹಾಳಾಗಿದೆ ಎನ್ನಲು ಪುರಾವೆ ಏನು? ಸದ್ದು ನಿಂತಿದೆಯಲ್ಲ? ಗ್ರೀಸು ಇದೆಯಲ್ಲ? ಪರವೂ ನಾನೇ, ವಿರೋಧವೂ ನಾನೇ, ತೀರ್ಪುಗಾರನೂ ನಾನೇ. ಗೆದ್ದವನೂ ನಾನೇ. ಸೋಲಬೇಕಾದವಳು ಮಾತ್ರ ಒಳಗೆ ಜೆರ್ಸಿಗೆ ಇಸ್ತ್ರಿ ಹಾಕುತ್ತಿದ್ದಳು.

ಭಾನುವಾರ ಗದ್ದೆಯ ಸುತ್ತ ಜನವೋ ಜನ. ಮೈಕಿನವನ ಗಂಟಲು ಬೆಳಿಗ್ಗೆಯೇ ಕಟ್ಟಿಹೋಗಿತ್ತು. ನನ್ನ ಗುರುತಿದ್ದ ಸಂಘಟಕರೊಬ್ಬರು “ನೀವು ಭಾಷಣದವರಲ್ವಾ, ಬನ್ನಿ ಮಾರಾಯ್ರೆ” ಎಂದು ಎಳೆದುಕೊಂಡು ಹೋಗಿ ವೇದಿಕೆ ಹತ್ತಿಸಿದರು. ನಾನೂ ಹತ್ತಿದೆ. ಮೈಕು ಸಿಕ್ಕರೆ ನನಗೆ ಲೋಕ ಮರೆತುಹೋಗುತ್ತದೆ.

ಪೂರ್ಣಿ ಮೊದಲ ಸುತ್ತಿನಲ್ಲೇ ಎಲ್ಲರಿಗಿಂತ ಮುಂದಿದ್ದಳು. ಎರಡನೆಯದರಲ್ಲಿ ಇನ್ನೂ ಮುಂದೆ. ಶಿವಮೊಗ್ಗದ ತಂಡದವರು ಎದ್ದು ನಿಂತು ನೋಡುತ್ತಿದ್ದರು. “ನಮ್ಮ ಹೊಸನಗರದ ಹೆಮ್ಮೆಯ ಪುತ್ರಿ!” ಎಂದು ನಾನು ಗದ್ದೆಯಾಚೆಯ ಗುಡ್ಡಕ್ಕೂ ಕೇಳುವ ಹಾಗೆ ಕೂಗಿದೆ. ಕೊನೆಯ ಸುತ್ತಿನಲ್ಲಿ ದೊಡ್ಡ ದಿಬ್ಬ ಹಾರಿದಳು. ನೆಲಕ್ಕೆ ಇಳಿದಾಗ ‘ಟಣ್’ ಎಂದಿತು. ಅಷ್ಟು ದೂರದಿಂದ ಕೇಳಿಸಿತೋ, ನನಗೆ ಮಾತ್ರ ಕೇಳಿಸಿತೋ ಗೊತ್ತಿಲ್ಲ. ಬೈಕಿನ ಹಿಂಭಾಗ ಕೂತದ್ದು ಏಳಲೇ ಇಲ್ಲ. ಚಕ್ರ ಮಡ್‌ಗಾರ್ಡಿಗೆ ಕಚ್ಚಿ ನಿಂತಿತು. ಉಳಿದವರೆಲ್ಲ ಅವಳಿಗೆ ಕೆಸರು ಎರಚುತ್ತಾ ದಾಟಿ ಹೋದರು.

“ಏನಾಯ್ತು ಹೇಳಿ, ಜನ ಕೇಳ್ತಿದ್ದಾರೆ” ಎಂದು ಸಂಘಟಕರು ತಿವಿದರು.

ನಾನು ಗಂಟಲು ಸರಿಮಾಡಿಕೊಂಡೆ. “ಮಾನ್ಯ ಪ್ರೇಕ್ಷಕರೇ, ಕೆಲವು ತಾಂತ್ರಿಕ ಕಾರಣಗಳಿಂದ ಕುಮಾರಿ ಪೂರ್ಣಿಮಾ ಅವರು ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ.”

ಪೂರ್ಣಿ ಬೈಕನ್ನು ಬದುವಿಗೆ ಒರಗಿಸಿ ಏನೋ ಹೆಕ್ಕಿಕೊಂಡು ನೇರ ವೇದಿಕೆಗೆ ಬಂದಳು. ಪಾದದಿಂದ ಹಣೆಯ ತನಕ ಕೆಸರು. ಅಂಗೈ ತೆರೆದು ತೋರಿಸಿದಳು. ಮುರಿದ ಪಿನ್ನು, ಸವೆದ ರೋಲರು, ಗ್ರೀಸಿನ ನಡುವೆ ಅಲ್ಲಲ್ಲಿ ಕೆಂಪು. ಅವಳೂ ಮಲೆನಾಡಿನವಳೇ. ಒಂದು ಸಲ ಅದನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು.

“ಕಾಲು ತಾಗಿ ಚೆಲ್ಲಿದ್ದಾ ಅಣ್ಣ?”

ಉತ್ತರಿಸಲು ಬಾಯಿ ತೆರೆದೆ. ಪೂರ್ಣಿ ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

“ಆ ತಾಂತ್ರಿಕ ಕಾರಣ ಇಲ್ಲೇ ನಿಂತಿದೆ, ಎಲ್ರೂ ನೋಡ್ಕೊಳಿ.”

ಗದ್ದೆಗೆ ಗದ್ದೆಯೇ ನಕ್ಕಿತು. ನಾನು ಅಷ್ಟು ಹೊತ್ತು ಹೇಳಿದ ಯಾವ ಮಾತಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಪೂರ್ಣಿ ನಗಲಿಲ್ಲ. ತಂಡದವರು ಆಗಲೇ ಗೆದ್ದ ಹುಡುಗಿಯ ಕೈ ಕುಲುಕುತ್ತಾ ಅವಳ ನಂಬರು ಬರೆದುಕೊಳ್ಳುತ್ತಿದ್ದರು. ಪೂರ್ಣಿ ಅತ್ತ ಒಮ್ಮೆ ನೋಡಿ, ಮೈಕನ್ನು ಮೇಜಿನ ಮೇಲಿಟ್ಟು ಇಳಿದು ಹೋದಳು.

ಏಳದ ಬೈಕನ್ನು ಒಬ್ಬಳೇ ಕೆಸರಿನಲ್ಲಿ ಎಳೆಯುತ್ತಿದ್ದಳು. ನಾನು ಹಿಂದಿನಿಂದ ಓಡಿ ಹೋಗಿ ಸೀಟಿಗೆ ಕೈ ಹಾಕಹೋದೆ.

“ಮುಟ್ಬೇಡ” ಎಂದಳು.

ಮುಟ್ಟಲಿಲ್ಲ. ಆ ಬೈಕಿಗೆ ನಾನು ಮಾಡಿದ ಏಕೈಕ ಉಪಕಾರ ಅದು.