ಉಬ್ಬಚ್ಚಿನ ಬಸವಣ್ಣ

ಕೈಯಲ್ಲೇ ಮದುವೆ ಕಾರ್ಡು ಮಾಡುವವಳ ಎದೆ ಒಂದು ದಿನವೂ ನೆಮ್ಮದಿಯಾಗಿ ಬಡಿದುಕೊಳ್ಳುವುದಿಲ್ಲ. ಹುಣಸೂರಿನ ನಮ್ಮ ಮನೆಯ ಜಗಲಿಯಲ್ಲಿ ಅಂಗಡಿ ಇಟ್ಟ ಮೇಲೆ ಬಂದ ಮೊದಲ ದೊಡ್ಡ ಕೆಲಸ, ಹನಗೋಡಿನ ಯಜಮಾನರೊಬ್ಬರ ಮಗನ ಮದುವೆಯದು. ನೂರು ಕಾರ್ಡು. ಇದು ಕೆಟ್ಟರೆ, ‘ಅಂಗಡಿ ಮುಚ್ಚು’ ಎನ್ನಲು ಕಾಯುತ್ತಿದ್ದ ನನ್ನ ಗಂಡನ ಕೈಗೆ ನಾನೇ ಬೀಗ ಕೊಟ್ಟ ಹಾಗೆ.

೧. ಬಿಳಿ ಮೇಲೆ ಬಿಳಿ

ಮೊದಲ ದಿನ ಮಾದರಿ ತೋರಿಸಿದೆ. ಬಿಳಿ ಕಾಗದ, ಬಣ್ಣವಿಲ್ಲ, ಬರೀ ಉಬ್ಬಿದ ಮಲ್ಲಿಗೆ ಬಳ್ಳಿ. ನನ್ನ ಮಟ್ಟಿಗೆ ಅದಕ್ಕಿಂತ ಚೆಂದದ ಕೆಲಸವಿಲ್ಲ. ಯಜಮಾನರು ಹಿಂದೆ ಮುಂದೆ ತಿರುಗಿಸಿದರು, ಕನ್ನಡಕ ಹಾಕಿದರು, ತೆಗೆದರು.

“ಚೆನ್ನಾಗದೆ ಕಣ್ರೀ,” ಅಂದರು. “ಇಂಕು ಬಂದ್ಮೇಲೆ ಫೋನ್ ಮಾಡಿ, ಇನ್ನೊಂದ್ಸಲ ಬತ್ತೀನಿ.”

೨. ಚಿನ್ನದ ಪುಡಿ

ಸರಿ, ಚಿತ್ರ ಬಿಳಿಯೇ ಇರಲಿ, ಹೆಸರು ಮಾತ್ರ ಚಿನ್ನದ ಬಣ್ಣದಲ್ಲಿ ಎಂದು ತೀರ್ಮಾನವಾಯಿತು. ಅಂಟು ಮಸಿಯಲ್ಲಿ ಹೆಸರು ಒತ್ತಿ, ಹಸಿ ಇರುವಾಗಲೇ ಪುಡಿ ಉದುರಿಸಿ, ಬಿಸಿಗಾಳಿ ಹಿಡಿದರೆ ಪುಡಿ ಕರಗಿ ಅಕ್ಷರ ಉಬ್ಬುತ್ತದೆ. ಅಲ್ಲಿಯವರೆಗೆ ಫ್ಯಾನೂ ಹಾಕುವಂತಿಲ್ಲ. ನೋಡಲು ಬಂದಿದ್ದ ಯಜಮಾನರ ಮುಂದೆ ಪುಡಿಯ ಡಬ್ಬಿ ತೆರೆದಿತ್ತು. ನಾನು ಬಿಸಿಗಾಳಿಯ ಮೆಷಿನ್ನಿಗೆ ಕೈ ಹಾಕಿದ್ದೇ ತಡ, “ಏನ್ ಧೂಳು ಕಣ್ರೀ!” ಎನ್ನುತ್ತ ‘ಉಫ್’ ಎಂದು ಊದಿಬಿಟ್ಟರು.

ಇದ್ದದ್ದು ಅದೊಂದೇ ಡಬ್ಬಿ. ನೆಲಕ್ಕೆ ಬಿದ್ದಷ್ಟನ್ನು ಗುಡಿಸಿ ಮತ್ತೆ ಡಬ್ಬಿಗೆ ತುಂಬಿದೆ. ಸಂಜೆ ಅವರದೇ ಫೋನು. “ಮೇಡಂ, ಬೀಗರ ಮನೇಲಿದ್ದೀನಿ. ಮೀಸೆಗೆ ಏನ್ ಹಚ್ತೀರಿ ಅಂತ ಬೀಗ್ರು ಕೇಳ್ತಾವ್ರೆ. ಆ ಡಬ್ಬಿ ಎಲ್ಲಿ ಸಿಗ್ತದೆ?”

೩. ಹೊರಟ ಬಸವಣ್ಣ

ಕಾರ್ಡು ಒಯ್ಯುವ ಸೋಮವಾರ ಬಂತು. ಮನೆದೇವರ ಮುಂದಿಟ್ಟು ಪೂಜೆ ಮಾಡಿಸಿ, ಅಲ್ಲಿಂದಲೇ ಹಂಚಲು ಹೊರಡಬೇಕೆಂದು ಯಜಮಾನರು ತಾಯಿಯನ್ನೂ ಕೂರಿಸಿಕೊಂಡು ಕಾರಿನಲ್ಲಿ ಬಂದರು.

ಕಾರ್ಡಿನ ಬಲಗಡೆ ಲಿಂಗ, ಎಡಗಡೆ ಅದನ್ನೇ ನೋಡುತ್ತಾ ನಿಂತ ಬಸವಣ್ಣ ಇರಬೇಕಿತ್ತು. ಎರಡಕ್ಕೂ ಬೇರೆ ಬೇರೆ ಅಚ್ಚು; ಉಬ್ಬು ಒತ್ತುವುದು ಕಾಗದದ ಹಿಂದಿನಿಂದ. ಅಚ್ಚನ್ನು ಮೊದಲೇ ಮಗುಚಿ ಇಟ್ಟುಕೊಳ್ಳದಿದ್ದರೆ ಮುಂಬದಿಯಲ್ಲಿ ಎಡ ಬಲವಾಗುತ್ತದೆ. ಲಿಂಗ ಹೇಗೆ ಒತ್ತಿದರೂ ಒಂದೇ. ಬಸವಣ್ಣನಿಗೆ ಮುಖವಿದೆ, ಬಾಲವೂ ಇದೆ.

ಕಟ್ಟು ಕಟ್ಟುವಾಗ ಬಾಗಿಲ ಬೆಳಕು ಓರೆಯಾಗಿ ಬಿತ್ತು, ಆಗ ಕಂಡಿತು. ನೂರಕ್ಕೆ ನೂರರಲ್ಲೂ ಬಸವಣ್ಣ ಲಿಂಗಕ್ಕೆ ಬಾಲ ತೋರಿಸಿಕೊಂಡು ನಿಂತಿದ್ದ. ಮುಚ್ಚಿಡಲು ಮನಸ್ಸಾಗದೆ ಹೇಳಿಬಿಟ್ಟೆ.

ಯಜಮಾನರ ಮುಖ ಕಪ್ಪಿಟ್ಟಿತು. “ಏನ್ ಮೇಡಂ ಇದು? ಇದನ್ನ ಶಿವನ್ ಮುಂದೆ ಎಂಗ್ರೀ ಮಡಗ್ಲಿ? ನೆಂಟ್ರು ಉಗೀತಾರೆ ಕಣ್ರೀ!”

ನನಗೆ ಅಳುವೇ ಬಂತು. ಅವರ ತಾಯಿ ಒಂದು ಕಾರ್ಡು ತೆಗೆದುಕೊಂಡು ಬಸವಣ್ಣನ ಮೇಲೆ ಬೆರಳಾಡಿಸಿದರು.

“ಸುಮ್ಕಿರ್ಲಾ,” ಎಂದು ಅಜ್ಜಿ ಮಗನನ್ನು ಗದರಿದರು. “ಶಿವ ಎದ್ದು ಊರೂರು ಸುತ್ತಕ್ಕಾಯ್ತದಾ? ನೆಂಟ್ರನ್ನ ಕರಿಯಕ್ಕೆ ಬಸವಣ್ಣನ್ನ ಕಳ್ಸವ್ನೆ. ಊರಿಗ್ ಒಂಟಿರೋನು ಮುಂದಕ್ ನೋಡ್ದೆ ಇಂದಕ್ ನೋಡ್ತಾನಾ?”

ಕಾರ್ಡುಗಳು ಪೂಜೆಗೂ ಹೋದವು, ಕೆ.ಆರ್. ನಗರ, ಪಿರಿಯಾಪಟ್ಟಣಕ್ಕೂ ಹೋದವು. ಅಜ್ಜಿಯ ಮಾತೂ ಜೊತೆಗೇ ಹೋಯಿತು. ವಾರದೊಳಗೆ ಎಚ್.ಡಿ. ಕೋಟೆಯಿಂದ ಒಬ್ಬರು ಬಂದರು. “ನಮ್ಗೂ ಕರಿಯಕ್ಕೆ ಒಂಟಿರೋ ಬಸವಣ್ಣನೇ ಬೇಕು ಕಣವ್ವ. ಸುಮ್ನೆ ನೋಡ್ಕಂಡು ನಿಂತಿರೋನು ಬ್ಯಾಡ.”

ಖುಷಿಯಿಂದ ಒಪ್ಪಿಕೊಂಡೆ. ಆದರೆ ಒಮ್ಮೆ ಹೆದರಿದ ಕೈ ಅಲ್ಲವೇ, ಪ್ರತಿ ಸಲವೂ ಅಚ್ಚನ್ನು ಜೋಪಾನವಾಗಿ ಮಗುಚಿಟ್ಟುಕೊಂಡೇ ಅಷ್ಟೂ ಕಾರ್ಡು ಒತ್ತಿ ಮುಗಿಸಿತು. ತಿರುಗಿಸಿ ನೋಡಿದರೆ, ಒಂದರಲ್ಲೂ ತಪ್ಪದೆ, ಬಸವಣ್ಣ ಭಕ್ತಿಯಿಂದ ಲಿಂಗವನ್ನೇ ನೋಡುತ್ತಾ ನಿಂತಿದ್ದ.