ಉಪ್ಪಿನ ಕೆರೆಯ ಮೇಲೊಂದು ಅರಮನೆ

ಓದುಗ ಮಹಾಶಯರೇ, ನಕಾಶೆಗಳು ಇನ್ನೂ ಹುಟ್ಟದ ಕಾಲದಲ್ಲಿ ಧವಳಪುರಿ ಎಂಬ ರಾಜ್ಯವೊಂದಿತ್ತು. ಅದರ ನಡುವೆ ಒಂದು ಉಪ್ಪುನೀರಿನ ಕೆರೆ. ಹಳ್ಳಗಳು ಬಂದು ಸೇರುತ್ತಿದ್ದವು, ಒಂದೂ ಹೊರಗೆ ಹರಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಬತ್ತಿ, ಹರದಾರಿಗಟ್ಟಲೆ ಬಿಳಿ ಉಪ್ಪು ಹೊಳೆಯುತ್ತಿತ್ತು.

ಒಂದು ಬೇಸಿಗೆ ಅದನ್ನು ಕಂಡ ಮಹಾರಾಜ ಶುಭ್ರಕೀರ್ತಿ ರಥ ನಿಲ್ಲಿಸಿದ. "ಅಮಾತ್ಯರೇ, ಇಷ್ಟೊಂದು ಅಮೃತಶಿಲೆ ಹಾಸಿದವರು ಯಾರು?"

"ತಮ್ಮ ಕೀರ್ತಿಯೇ ಹೆಪ್ಪುಗಟ್ಟಿದೆ, ಪ್ರಭು," ಎಂದ ಮಂತ್ರಿ ಚಾಟುವರ್ಮ. ಹೊಸ ಅರಮನೆಯ ಮಾಸ್ಟರ್ ಪ್ಲಾನ್‌ಗೆ ನಿಂತ ನಿಲುವಿನಲ್ಲೇ ಮಂಜೂರಾತಿ ಸಿಕ್ಕಿತು.

ಸಾರ್ವಜನಿಕ ಅಭಿಪ್ರಾಯ ಕೇಳಬೇಕೆಂಬ ನಿಯಮವಿದ್ದುದರಿಂದ, ಅಲ್ಲೇ ಉಪ್ಪು ಕೆರೆಯುತ್ತಿದ್ದ ಮಾಳವ್ವನನ್ನು ಕರೆಸಿದರು.

"ಇದು ಗಟ್ಟಿ ನೆಲ ಅಲ್ರೀ, ದೊರಿ," ಎಂದಳು ಆಕೆ. "ಮಳಿಗಾಲದಾಗ ಹಳ್ಳ ಕೆಸರು ತರ್ತಾವ. ಅದು ತಳಕ್ಕ ಕುಂಡ್ರತದ. ಬ್ಯಾಸಿಗ್ಯಾಗ ನೀರು ಆರತದ, ಉಪ್ಪು ಉಳೀತದ. ಮುಂದಿನ ವರ್ಷ ಅದರ ಮ್ಯಾಲ ಮತ್ತ ಕೆಸರು, ಮತ್ತ ಉಪ್ಪು. ನಮ್ಮ ಮುತ್ಯಾನ ಕಾಲದಿಂದ ಹಿಂಗ ಪದರ ಬೀಳ್ಲಿಕ್ಕತ್ತಾವ. ಮ್ಯಾಲ ಬೆಳ್ಳಗ, ಒಳಗ ಮೆತ್ತಗ."

ಹೇಳಿದ್ದು ಸಾಲದೆಂದು ಉಪ್ಪಿನ ಪದರ ಒಡೆದು, ಎರಡಾಳುದ್ದದ ಬಿದಿರನ್ನು ಒತ್ತಿದಳು. ಕಪ್ಪು ಕೆಸರಿನಲ್ಲಿ ಅದು ಪೂರ್ತಿ ಇಳಿದುಹೋಯಿತು.

ರಾಜ ಮಂತ್ರಿಯ ಮುಖ ನೋಡಿದ.

"ನಮ್ಮ ನೆಲದ ಔದಾರ್ಯ, ಪ್ರಭು. ಕೊಟ್ಟದ್ದನ್ನು ಬೇಡವೆನ್ನುವುದಿಲ್ಲ."

ಅರಮನೆ ಎದ್ದಿತು. ಮೊದಲ ಮಳೆಗೇ ಕೆಳಮಹಡಿ ಮುಳುಗಿತು. ಇನ್ನು ಮುಂದೆ ಯಾರೂ 'ಮುಳುಗುವುದು' ಎನ್ನಕೂಡದು, 'ಬೇರೂರುವುದು' ಎನ್ನತಕ್ಕದ್ದು ಎಂದು ಡಂಗುರ ಸಾರಿಸಲಾಯಿತು. ಮೇಲೆ ಇನ್ನೊಂದು ಮಹಡಿ ಕಟ್ಟಿದರು. ಮರುವರ್ಷ ಅದೂ ಬೇರೂರಿತು. ಕಿಟಕಿಗಳೊಳಗೆ ಹಳ್ಳದ ಕೆಸರು ಬಂದು ಕುಳಿತಿತು, ಬೇಸಿಗೆಯಲ್ಲಿ ಅದರ ಮೇಲೆ ಉಪ್ಪು ಕಟ್ಟಿತು. ಪ್ರತಿವರ್ಷ ಹೊಸ ಮಹಡಿ ಏಳುತ್ತಿದ್ದುದರಿಂದ ಪ್ರಗತಿ ವರದಿ ಮಾತ್ರ ಅತ್ಯುತ್ತಮವಾಗಿತ್ತು.

ಕಲ್ಲಿನ ಕ್ವಾರಿ ಬರಿದಾದಾಗ ಪ್ರಜೆಗಳ ಮನೆಗೋಡೆಗಳಿಗೆ ಕೈಹಾಕಿದರು. ಮಾಳವ್ವನಿಗೆ ತಾಂತ್ರಿಕ ಸಲಹೆಗಾರ್ತಿ ಎಂಬ ಬಿರುದು ಕೊಟ್ಟು, ಕಲ್ಲು ಹೊರುವ ಸಾಲಿನ ಮೊದಲಿಗೆ ನಿಲ್ಲಿಸಿದರು.

ಆರನೆಯ ವರ್ಷ, ಆರನೆಯ ಮಹಡಿಯಲ್ಲಿ, ಅಂದರೆ ನೆಲಮಟ್ಟದಲ್ಲಿ, ಶುಭ್ರಕೀರ್ತಿಗೆ 'ಸ್ಥಿರ ಆಡಳಿತ ಚಕ್ರವರ್ತಿ' ಎಂದು ಕಿರೀಟ ತೊಡಿಸಲಾಯಿತು. ಏಳನೆಯ ಮಹಡಿಗೆ ಅಂದೇ ಶಂಕುಸ್ಥಾಪನೆ.

"ಅತ್ತಿ, ಇದು ಯಾವಾಗ ಮುಗೀತದ?" ಎಂದು ಮಾಳವ್ವನ ಮನೆಯಲ್ಲಿ ಸೊಸೆ ಕೇಳಿದಳು.

ಮಾಳವ್ವ ಅಡುಗೆಮನೆಯ ಕೊನೆಯ ಕಲ್ಲನ್ನು ತಲೆಯ ಸಿಂಬಿಯ ಮೇಲಿಟ್ಟುಕೊಂಡು ನಡೆದಳು. ಗೋಡೆಯಿಲ್ಲದ ಒಲೆಯ ಮೇಲೆ ಅಂಬಲಿ ಕುದಿಯುತ್ತಿತ್ತು. ಕೆರೆಯ ಕಡೆಯಿಂದ ಬೀಸಿದ ಗಾಳಿ ಅದಕ್ಕೆ ಉಪ್ಪು ಹಾಕುತ್ತಿತ್ತು.